ಬರಹಗಾರರ ತಲೆಯನ್ನು ಮಣ್ಣಿನಲ್ಲಿ ಕಟ್ಟುವುದು: ಆಧುನಿಕ ಮುಖಶಿಲ್ಪಕ್ಕೆ ಒಂದು ಮಾರ್ಗದರ್ಶಿ

ನಿಮಗೆ ಇಷ್ಟವಾದ ಒಬ್ಬ ಬರಹಗಾರರ ತಲೆಯನ್ನು ಮಣ್ಣಿನಲ್ಲಿ ಮಾಡಬೇಕು ಅನ್ನಿಸಿದೆ. ಅದು ಫೋಟೋದ ನಕಲಾಗಬಾರದು, ಆದರೂ ನೋಡಿದವರಿಗೆ ಅವರೇ ಅನ್ನಿಸಬೇಕು. ಈ ಆಸೆಯಿಂದ ಕೂತವರಲ್ಲಿ ಹೆಚ್ಚಿನವರು ಮೊದಲ ದಿನವೇ ಎಡವುತ್ತಾರೆ. ಮೂಗನ್ನು ಉದ್ದಕ್ಕೆ ಎಳೆಯುತ್ತಾರೆ, ಕಣ್ಣಿನ ಜಾಗದಲ್ಲಿ ತೂತು ಕೊರೆಯುತ್ತಾರೆ, ಕೆನ್ನೆಯನ್ನು ಚಾಕುವಿನಲ್ಲಿ ಹೆರೆಯುತ್ತಾರೆ. ಆಧುನಿಕ ಶಿಲ್ಪ ಅಂದರೆ ಇದೇ ಅಲ್ವಾ ಅಂತ. ಅಲ್ಲ. ಮುಖವನ್ನು ಸೊಟ್ಟ ಮಾಡುವುದು ಸುಲಭ. ಮುಖದಲ್ಲಿ ಯಾವುದು ಇಲ್ಲದಿದ್ದರೂ ನಡೆಯುತ್ತದೆ, ಯಾವುದು ಇರಲೇಬೇಕು ಅಂತ ಕಂಡುಕೊಳ್ಳುವುದು ಕಷ್ಟ. ಅದಕ್ಕೆ ಮೊದಲು ಆ ತಲೆಯನ್ನು ಸರಿಯಾಗಿ ಕಟ್ಟಬೇಕು, ಆಮೇಲೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಈ ಲೇಖನ ಇರುವುದು ಅದೇ ಕ್ರಮದಲ್ಲಿ.

ಕೆಲಸಕ್ಕೆ ದಿನಕ್ಕೆ ಎರಡು ಗಂಟೆಯಂತೆ ಮೂರು ನಾಲ್ಕು ವಾರ ಬೇಕು. ಅವಸರವಿದ್ದರೆ ಈಗ ಶುರು ಮಾಡಬೇಡಿ.

ಮಣ್ಣು ಮುಟ್ಟುವ ಮೊದಲು

ಬರಹಗಾರರು ಬದುಕಿದ್ದು ಎದುರಿಗೆ ಕೂರಲು ಒಪ್ಪಿದರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಆದರೆ "ಹೀಗೆ ಕೂತಿರಿ, ಅಲ್ಲಾಡಬೇಡಿ" ಅನ್ನಬೇಡಿ. ಮಾತಾಡಿಸಿ, ಇಲ್ಲವೇ ಏನಾದರೂ ಗಟ್ಟಿಯಾಗಿ ಓದಲು ಹೇಳಿ. ಓದುವಾಗ ಹುಬ್ಬು, ತುಟಿ, ಕತ್ತು ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ. ಸುಮ್ನೆ ಕೂತ ಮುಖ ಬೇಗ ಸತ್ತುಹೋಗುತ್ತದೆ. ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು.

ಬರಹಗಾರರು ಈಗಿಲ್ಲದಿದ್ದರೆ ಫೋಟೋಗಳೇ ಗತಿ. ಆಗ ಕೆಲವು ವಿಷಯ ನೋಡಿಕೊಳ್ಳಿ. ಎಲ್ಲ ಫೋಟೋಗಳೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವಾಗಿರಲಿ. ಮೂವತ್ತರ ಮೂಗಿಗೆ ಎಪ್ಪತ್ತರ ಕೆನ್ನೆ ಕೂಡಿಸಿದರೆ ಯಾರದೂ ಅಲ್ಲದ ಮುಖ ಬರುತ್ತದೆ. ಎದುರಿನದು ಒಂದು, ಪಕ್ಕದ್ದು ಒಂದು, ಓರೆಯದು ಒಂದು ಬೇಕೇ ಬೇಕು. ಪಕ್ಕದ ಫೋಟೋ ಸಿಗದಿದ್ದರೆ ಮುಂದಕ್ಕೆ ಹೋಗಬೇಡಿ, ಹುಡುಕಿ. ತೀರಾ ಹತ್ತಿರದಿಂದ ತೆಗೆದ ಫೋಟೋ ನಂಬಬೇಡಿ. ಅದರಲ್ಲಿ ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಕಾಣುತ್ತದೆ. ಎರಡು ಮೀಟರ್ ದೂರದಿಂದ ತೆಗೆದದ್ದರಲ್ಲಿ ಅಳತೆ ಹೆಚ್ಚು ಸರಿಯಾಗಿರುತ್ತದೆ.

ಕೆಲವು ಬರಹಗಾರರ ಮುಖದ ಅಚ್ಚನ್ನೇ ತೆಗೆದಿಟ್ಟಿರುತ್ತಾರೆ. ಕವಿ ಕೀಟ್ಸ್ ಬದುಕಿದ್ದಾಗ, 1816ರಲ್ಲಿ, ಅವನ ಮುಖದ ಅಚ್ಚು ತೆಗೆದಿದ್ದರು. ಕಾದಂಬರಿಕಾರ ಜೇಮ್ಸ್ ಜಾಯ್ಸ್ 1941ರಲ್ಲಿ ತೀರಿಕೊಂಡಾಗಲೂ ತೆಗೆದರು. ಮೂಳೆಯ ಅಳತೆಗೆ ಇಂಥವು ಚಿನ್ನ. ಭಾವಕ್ಕೆ ಮಾತ್ರ ಇವುಗಳ ಕಡೆ ನೋಡಬೇಡಿ. ಸತ್ತವರ ಮುಖದಲ್ಲಿ ಮಾಂಸ ಸಡಿಲವಾಗಿ ಹಿಂದಕ್ಕೆ ಜಾರಿರುತ್ತದೆ, ಕಣ್ಣು ಒಳಗೆ ಇಳಿದಿರುತ್ತದೆ.

ಸತ್ತವರನ್ನು ಮಾಡುವುದು ಹೇಗೆ ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಫ್ರಾನ್ಸಿನ ಶಿಲ್ಪಿ ರೋಡಿನ್ ಮತ್ತು ಕಾದಂಬರಿಕಾರ ಬಾಲ್ಜಾಕ್. ಬಾಲ್ಜಾಕ್ ತೀರಿಕೊಂಡದ್ದು 1850ರಲ್ಲಿ. ರೋಡಿನ್‌ಗೆ ಅವನ ಪ್ರತಿಮೆ ಮಾಡುವ ಕೆಲಸ ಬಂದದ್ದು 1891ರಲ್ಲಿ. ನಲವತ್ತೊಂದು ವರ್ಷದ ಅಂತರ. ರೋಡಿನ್ ಬಾಲ್ಜಾಕನ ಹುಟ್ಟೂರಿನ ಸೀಮೆಗೆ ಹೋಗಿ, ಅದೇ ಮುಖದ ಧಾಟಿಯ ಜನರನ್ನು ಹುಡುಕಿ, ಅವರ ತಲೆಗಳನ್ನು ಮಾಡಿದ. ಬಾಲ್ಜಾಕನಿಗೆ ಬಟ್ಟೆ ಹೊಲಿಯುತ್ತಿದ್ದ ದರ್ಜಿಯನ್ನು ಹುಡುಕಿ ಅಳತೆ ಪಡೆದು ಬಟ್ಟೆ ಹೊಲಿಸಿದ. ಇಷ್ಟೆಲ್ಲ ಮಾಡಿ ಆಮೇಲೆ ಅದನ್ನೆಲ್ಲ ಒಂದು ದೊಡ್ಡ ನಿಲುವಂಗಿಯ ಒಳಗೆ ಮುಚ್ಚಿಬಿಟ್ಟ! 1898ರಲ್ಲಿ ಪ್ರದರ್ಶನಕ್ಕೆ ಇಟ್ಟಾಗ, ಮಾಡಿಸಿದ ಬರಹಗಾರರ ಸಂಘವೇ ಬೇಡ ಅಂದಿತು. ರೋಡಿನ್ ಅದನ್ನು ಮನೆಗೆ ತಂದಿಟ್ಟುಕೊಂಡ. ಪ್ಯಾರಿಸ್‌ನ ರಸ್ತೆಯಲ್ಲಿ ಅದು ಕಂಚಿನಲ್ಲಿ ನಿಂತದ್ದು 1939ರಲ್ಲಿ, ಅವನು ಸತ್ತು ಇಪ್ಪತ್ತೆರಡು ವರ್ಷ ಆದ ಮೇಲೆ. ಆ ತಲೆಯಲ್ಲಿ ಕಣ್ಣು ಬರೀ ನೆರಳಿನ ಗುಳಿ, ಕೂದಲು ಒಂದು ಮುದ್ದೆ. ಆದರೆ ಅದರ ಹಿಂದೆ ಏಳು ವರ್ಷದ ಅಳತೆ, ಹುಡುಕಾಟ ಇದೆ. ಅದಿಲ್ಲದೆ ಆ ಗುಳಿ ಬರೀ ಗುಳಿಯಾಗಿಯೇ ಇರುತ್ತಿತ್ತು.

ಅವರ ಬರಹವನ್ನೂ ಓದಿ. ಹತ್ತು ಪುಟವನ್ನಾದರೂ ಗಟ್ಟಿಯಾಗಿ ಓದಿ. ವಾಕ್ಯ ಚಿಕ್ಕದೋ ಉದ್ದವೋ, ಬಿಗಿಯೋ ಸಡಿಲವೋ ಅನ್ನುವುದು ಕೈಗೆ ಇಳಿಯುತ್ತದೆ. ಕತೆಯ ಘಟನೆಗಳನ್ನು ಮುಖದ ಮೇಲೆ ಬರೆಯಲು ಮಾತ್ರ ಹೋಗಬೇಡಿ. ದುಃಖದ ಕತೆ ಬರೆದವರ ಮುಖ ಅಳುತ್ತಿರಬೇಕಿಲ್ಲ.

ಒಂದು ದೊಡ್ಡ ರೂಪ

ಇಲ್ಲಿ ನಿಧಾನ ಮಾಡಿ. ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ.

ಎಲ್ಲ ಫೋಟೋಗಳನ್ನೂ ಗೋಡೆಗೆ ಅಂಟಿಸಿ, ಕಣ್ಣು ಅರ್ಧ ಮುಚ್ಚಿ ನೋಡಿ. ವಿವರಗಳು ಮಸುಕಾದ ಮೇಲೆ ಏನು ಉಳಿಯುತ್ತದೆ? ಒಬ್ಬರದು ಮೇಲೆ ಅಗಲವಾಗಿ ಕೆಳಗೆ ಚೂಪಾದ ಬೆಣೆ. ಇನ್ನೊಬ್ಬರದು ನದಿಯ ಕಲ್ಲಿನಂತೆ ದುಂಡಗೆ. ಮತ್ತೊಬ್ಬರದು ನಿಂತ ಹಲಗೆ, ಎದುರಿನಿಂದ ಕಿರಿದು, ಪಕ್ಕದಿಂದ ಅಗಲ. ಆ ಒಂದು ರೂಪವನ್ನು ಒಂದೇ ಮಾತಿನಲ್ಲಿ ಚೀಟಿಯ ಮೇಲೆ ಬರೆದು ಕೆಲಸದ ಜಾಗದಲ್ಲಿ ಅಂಟಿಸಿ. "ಬೆಣೆ." "ಮೊಟ್ಟೆ." "ಬಾಗಿದ ಕಂಬ." ಮುಂದೆ ಕೈ ದಾರಿ ತಪ್ಪಿದಾಗಲೆಲ್ಲ ಆ ಚೀಟಿ ನೋಡಬೇಕು.

ದೊಡ್ಡವರು ಇದನ್ನು ಹೇಗೆ ಮಾಡಿದರು ನೋಡಿ. ರೇಮಂಡ್ ಡ್ಯೂಶಾಂ-ವಿಯೋಂ 1911ರಲ್ಲಿ ಕವಿ ಬೋದಿಲೇರನ ತಲೆ ಮಾಡಿದ. ಬೋದಿಲೇರ್ ಸತ್ತು ಒಂಬತ್ತು ವರ್ಷ ಆದ ಮೇಲೆ ಹುಟ್ಟಿದ ಶಿಲ್ಪಿ ಅವನು. ಆ ತಲೆಯಲ್ಲಿ ಕೂದಲಿನ ಗೋಜೇ ಇಲ್ಲ. ಬಿಗಿದುಕೊಂಡ ದೊಡ್ಡ ಗೋಳ, ಅದರ ಕೆಳಗೆ ಒತ್ತಿ ಹಿಡಿದ ಸಣ್ಣ ಬಾಯಿ. ನೋಡಿದರೆ ತಲೆಯೊಳಗೆ ಏನೋ ಒತ್ತಡ ತುಂಬಿದೆ ಅನ್ನಿಸುತ್ತದೆ. ಶಿಲ್ಪಿ ಗೋದಿಯೆ-ಬ್ರೆಸ್ಕಾ 1914ರಲ್ಲಿ ಕವಿ ಎಜ್ರಾ ಪೌಂಡ್‌ನ ತಲೆಯನ್ನು ಅಮೃತಶಿಲೆಯಲ್ಲಿ ಕೆತ್ತಿದ. ಮೇಲೆ ಕೂದಲಿನ ಒಂದು ದಪ್ಪ ಗಟ್ಟಿ, ಕಣ್ಣಿಗೆ ಎರಡು ಸೀಳು, ಗಡ್ಡಕ್ಕೆ ಒಂದು ಬೆಣೆ. ಇದು ನಿನ್ನ ಹಾಗೆ ಕಾಣುವುದಿಲ್ಲ ಅಂತ ಅವನು ಪೌಂಡ್‌ಗೆ ಮೊದಲೇ ಹೇಳಿದ್ದ. ಆದರೆ ಕಲ್ಲಿಗೆ ಉಳಿ ಇಡುವ ಮೊದಲು ಪೌಂಡ್‌ನನ್ನು ಕೂರಿಸಿಕೊಂಡು ಶಾಯಿಯಲ್ಲಿ ರಾಶಿ ಚಿತ್ರ ಬರೆದಿದ್ದ. ಮರುವರ್ಷ ಯುದ್ಧದಲ್ಲಿ ಸತ್ತಾಗ ಆ ಶಿಲ್ಪಿಗೆ ಬರೀ ಇಪ್ಪತ್ಮೂರು ವರ್ಷ.

ಶಿಲ್ಪಿ ಜಾಕ್ ಲಿಪ್‌ಶಿಟ್ಸ್ ಕತೆ ಇನ್ನೂ ಹೆಚ್ಚು ಕಲಿಸುತ್ತದೆ. ಅವನು ಗರ್‌ಟ್ರೂಡ್ ಸ್ಟೈನ್ ಅವರ ತಲೆಯನ್ನು 1920ರಲ್ಲಿ ಮಾಡಿದಾಗ ನೆತ್ತಿಯ ಮೇಲೆ ಗಂಟು, ಕೆಳಗೆ ನುಣುಪಾದ, ಬುದ್ಧನಂಥ ಶಾಂತ ಮುಖ. 1938ರ ಹೊತ್ತಿಗೆ ಅವರು ಇಳಿದುಹೋಗಿದ್ದರು, ಕೂದಲು ಕತ್ತರಿಸಿಕೊಂಡಿದ್ದರು. ಲಿಪ್‌ಶಿಟ್ಸ್ ಹಳೆಯದನ್ನೇ ತಿದ್ದಲಿಲ್ಲ, ಹೊಸದಾಗಿ ಶುರು ಮಾಡಿದ. ಅದೇ ಶಿಲ್ಪಿ, ಅದೇ ಬರಹಗಾರ್ತಿ, ಆದರೆ ರೂಪ ಬೇರೆ. ಅಂದರೆ ರೂಪ ಶಿಲ್ಪಿಯ ಜೇಬಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಎದುರಿನ ತಲೆಯಿಂದ ಬರಬೇಕು.

ಈಗ ಕೈ ಕೆಲಸ. ಅಂಗೈಯಲ್ಲಿ ಹಿಡಿಸುವಷ್ಟು, ಎಂಟು ಹತ್ತು ಸೆಂಟಿಮೀಟರ್ ಎತ್ತರದ ಪುಟ್ಟ ತಲೆಗಳನ್ನು ಮಾಡಿ. ಒಂದಕ್ಕೆ ಹತ್ತು ನಿಮಿಷ, ಜಾಸ್ತಿ ಬೇಡ. ಕಣ್ಣು, ಮೂಗಿನ ಹೊಳ್ಳೆ ಯಾವುದೂ ಬೇಡ. ಐದಾರು ಮಾಡಿದ ಮೇಲೆ ಸಾಲಾಗಿ ಇಟ್ಟು ಕೋಣೆಯ ಆ ತುದಿಯಿಂದ ನೋಡಿ. ಅಷ್ಟು ದೂರದಿಂದಲೂ "ಅವರೇ" ಅನ್ನಿಸುವುದು ಒಂದಾದರೂ ಇರುತ್ತದೆ. ಅದನ್ನು ಒಣಗಲು ಬಿಟ್ಟು ಕಾಪಾಡಿ. ದೊಡ್ಡ ಕೆಲಸಕ್ಕೆ ಅದೇ ನಕ್ಷೆ.

ಒಳಗಿನ ಹಂದರ

ಮಣ್ಣು ತಾನಾಗಿ ನಿಲ್ಲುವುದಿಲ್ಲ, ಒಳಗೆ ಹಂದರ ಬೇಕು. ಇದಕ್ಕೆ ಆರ್ಮೇಚರ್ ಅನ್ನುತ್ತಾರೆ. ನಲವತ್ತು ಸೆಂಟಿಮೀಟರ್ ಚೌಕದ ದಪ್ಪ ಪ್ಲೈವುಡ್ ಹಲಗೆ ತೆಗೆದುಕೊಂಡು ಎರಡೂ ಕಡೆ ವಾರ್ನಿಶ್ ಬಳಿಯಿರಿ, ಇಲ್ಲದಿದ್ದರೆ ನೀರು ಕುಡಿದು ಬಾಗುತ್ತದೆ. ನಡುವೆ ಸುಮಾರು ಮೂವತ್ತು ಸೆಂಟಿಮೀಟರ್ ಎತ್ತರದ ಪೈಪ್ ಅಥವಾ ಮರದ ಗೂಟ ನಿಲ್ಲಿಸಿ, ಅಲ್ಲಾಡದ ಹಾಗೆ ಬಿಗಿಯಿರಿ. ಅದರ ತುದಿಗೆ ದಪ್ಪ ಅಲ್ಯೂಮಿನಿಯಂ ತಂತಿಯ ಎರಡು ಕುಣಿಕೆಗಳನ್ನು ಅಡ್ಡಡ್ಡ ಕಟ್ಟಿದರೆ ಬಲ್ಬಿನ ಆಕಾರ ಬರುತ್ತದೆ. ಬರೀ ಕಬ್ಬಿಣದ ತಂತಿ ಒದ್ದೆ ಮಣ್ಣಿನಲ್ಲಿ ತುಕ್ಕು ಹಿಡಿಯುತ್ತದೆ. ಕುಣಿಕೆಯ ಒಳಗೆ ಹಳೆಯ ಪೇಪರ್ ಉಂಡೆ ಮಾಡಿ ತುರುಕಿ ದಾರ ಸುತ್ತಿ. ಮಣ್ಣೂ ಉಳಿಯುತ್ತದೆ, ಭಾರವೂ ಕಡಿಮೆ.

ಇಷ್ಟು ಮಾಡಿ ಬಹಳ ಜನ ನಿಲ್ಲಿಸುತ್ತಾರೆ. ನಾನೂ ಮೊದಲ ಸಲ ನಿಲ್ಲಿಸಿದ್ದೆ. ಮರುದಿನ ಬೆಳಗ್ಗೆ ಒದ್ದೆ ಬಟ್ಟೆ ತೆಗೆದರೆ ಗದ್ದ ಎದೆಯ ಮೇಲೆ ಕೂತಿತ್ತು. ಮೂರು ದಿನದ ಕೆಲಸ ರಾತ್ರಿಯೆಲ್ಲ ನಿಧಾನವಾಗಿ ಕೆಳಗೆ ಜಾರಿತ್ತು. ಆ ಬೆಳಗ್ಗೆ ತುಂಬ ಬೇಜಾರಾಗಿತ್ತು. ಅದು ನಿಮಗೆ ಆಗಬಾರದು ಅಂದರೆ "ಚಿಟ್ಟೆ" ಕಟ್ಟಿ. ಬೆರಳುದ್ದದ ಎರಡು ಮರದ ಚೂರನ್ನು ಕೂಡಿಸು ಗುರುತಿನ ಹಾಗೆ ಕಟ್ಟಿ, ತೆಳು ತಂತಿಯಲ್ಲಿ ಹಂದರದಿಂದ ಇಳಿಬಿಡಿ. ಗದ್ದದ ಒಳಗೆ ಒಂದು, ಹಿಂದಲೆಯ ಒಳಗೆ ಒಂದು, ಕತ್ತಿನಲ್ಲಿ ಎರಡು. ಮಣ್ಣಿನ ಭಾರ ಅವುಗಳ ಮೇಲೆ ಕೂರುತ್ತದೆ.

ನಿಜ ಅಳತೆಯ ತಲೆ ಒಂಟಿಯಾಗಿ ನಿಂತಾಗ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ಸ್ವಲ್ಪ ದೊಡ್ಡದಾಗಿಯೇ ಕಟ್ಟಿ. ಹದಿನೈದು ಕಿಲೋ ಹತ್ತಿರ ಜೇಡಿಮಣ್ಣು ಬೇಕಾಗುತ್ತದೆ. ಕೈಗೆ ಅಂಟಬಾರದು, ಬಾಗಿಸಿದರೆ ಬಿರುಕು ಬಿಡಬಾರದು, ಅದು ಹದ.

ಮೊದಲು ಬುರುಡೆ

ಹಂದರದ ಮೇಲೆ ಮಣ್ಣನ್ನು ಮುಷ್ಟಿ ಮುಷ್ಟಿ ಒತ್ತಿ. ಮೊದಲ ಪದರವನ್ನು ಹೆಬ್ಬೆರಳಿನಿಂದ ಬಲವಾಗಿ ತಂತಿಯೊಳಗೆ ತೂರಿಸಬೇಕು, ಗಾಳಿ ಉಳಿಯಬಾರದು. ಈಗ ನೀವು ಕಟ್ಟುತ್ತಿರುವುದು ಮುಖವಲ್ಲ, ಬುರುಡೆ.

ಬೆಳೆದವರ ತಲೆ ನೆತ್ತಿಯಿಂದ ಗದ್ದದವರೆಗೆ ಸುಮಾರು 22-23 ಸೆಂಟಿಮೀಟರ್, ಅಗಲ ಸುಮಾರು 15, ಹಣೆಯಿಂದ ಹಿಂದಲೆಗೆ ಸುಮಾರು 19. ನೀವು ದೊಡ್ಡದು ಮಾಡುತ್ತಿದ್ದರೆ ಇದೇ ಲೆಕ್ಕದಲ್ಲಿ ಹಿಗ್ಗಿಸಿ. ಮೂರನೆಯ ಅಳತೆಯನ್ನು ಗಮನಿಸಿ. ಹಿಂದಕ್ಕೆ ತಲೆ ಇಷ್ಟು ಉದ್ದ ಇರುತ್ತದೆ ಅಂತ ನಮ್ಮ ಮನಸ್ಸು ನಂಬುವುದೇ ಇಲ್ಲ. ನಾವು ಜನರ ಮುಖ ನೋಡುತ್ತೇವೆ, ಹಿಂದಲೆ ನೋಡುವುದಿಲ್ಲ. ಹೊಸಬರು ಮಾಡಿದ ತಲೆಗಳು ಹೆಚ್ಚಾಗಿ ಹಿಂದೆ ಚಪ್ಪಟೆ, ಮುಖವಾಡಕ್ಕೆ ಕತ್ತು ಅಂಟಿಸಿದ ಹಾಗೆ. ಅಂಥ ತಲೆಯಲ್ಲಿ ಯೋಚನೆಗೆ ಜಾಗವಿಲ್ಲ ಅನ್ನಿಸುತ್ತದೆ. ಬರಹಗಾರರ ತಲೆಯಲ್ಲಿ ಹೀಗಾದರೆ ಕೆಲಸವೇ ಕೆಟ್ಟಿತು.

ಬೆಂಕಿಕಡ್ಡಿಗಳನ್ನು ತೆಗೆದುಕೊಂಡು ಗುರುತಿನ ಜಾಗಗಳಲ್ಲಿ ಚುಚ್ಚಿ: ಎರಡು ಕಿವಿಯ ತೂತು, ಗದ್ದದ ತುದಿ, ಮೂಗಿನ ಬುಡ, ಹುಬ್ಬುಗಳ ನಡು, ಎರಡು ಕೆನ್ನೆಮೂಳೆ, ನೆತ್ತಿ, ಹಿಂದಲೆ. ಕಡ್ಡಿಯ ತಲೆ ಎಲ್ಲಿದೆಯೋ ಅದು ಕೊನೆಯ ಮೇಲ್ಮೈ. ಎಲ್ಲ ಅಳತೆಯನ್ನೂ ಕಿವಿಯ ತೂತಿನಿಂದಲೇ ಶುರು ಮಾಡಿ, ಕ್ಯಾಲಿಪರ್ ಅನ್ನುವ ಎರಡು ಕಾಲಿನ ಅಳತೆ ಸಾಧನದಲ್ಲಿ ತೆಗೆಯಿರಿ. ಮುಖ ಏನೇ ಮಾಡಲಿ, ಕಿವಿ ತೂತು ಕದಲುವುದಿಲ್ಲ. ಕ್ಯಾಲಿಪರ್‌ನ ಒಂದು ಕಾಲು ಅಲ್ಲಿ, ಇನ್ನೊಂದು ಗದ್ದದಲ್ಲಿ. ಆಮೇಲೆ ಅಲ್ಲಿಂದ ಹುಬ್ಬಿಗೆ, ಹಿಂದಲೆಗೆ.

ಕಣ್ಣು ತಲೆಯ ಎತ್ತರದ ಸುಮಾರು ಅರ್ಧಕ್ಕೆ ಬರುತ್ತದೆ. ಎಲ್ಲರೂ ಮೇಲೆ ಇಡುತ್ತಾರೆ, ಹಣೆ ಸಣ್ಣದಾಗಿಬಿಡುತ್ತದೆ. ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ, ಪಕ್ಕದಿಂದ ನೋಡಿದರೆ ನಡುಗೆರೆಗಿಂತ ಹಿಂದೆ. ಕತ್ತು ನೆಟ್ಟಗೆ ಮೇಲೆ ಹೋಗುವುದಿಲ್ಲ, ಮುಂದಕ್ಕೆ ವಾಲಿರುತ್ತದೆ. ವರ್ಷಗಟ್ಟಲೆ ಮೇಜಿನ ಮುಂದೆ ಬಗ್ಗಿ ಕೂತು ಬರೆದವರಲ್ಲಿ ಈ ವಾಲಿಕೆ ಇನ್ನೂ ಎದ್ದು ಕಾಣುವುದುಂಟು. ನಿಮ್ಮ ಫೋಟೋದಲ್ಲಿ ಅದಿದ್ದರೆ ಬಿಡಬೇಡಿ. ಎಷ್ಟೋ ಸಲ ಹೋಲಿಕೆ ಇರುವುದು ಮೂಗಿನಲ್ಲಲ್ಲ, ಕತ್ತಿನ ಮೇಲೆ ತಲೆ ಕೂತ ರೀತಿಯಲ್ಲಿ. ಪರಿಚಯದವರನ್ನು ದೂರದಿಂದ, ಬೆನ್ನ ಹಿಂದಿನಿಂದಲೇ ಗುರುತಿಸುತ್ತೇವೆ ಅಲ್ವಾ?

ಪ್ಲೇನ್‌ಗಳು

ಬುರುಡೆ ಸರಿ ಬಂದ ಮೇಲೆ ಅರ್ಧ ಮೀಟರ್ ಉದ್ದದ ಮರದ ಪಟ್ಟಿ ತೆಗೆದುಕೊಂಡು ಮಣ್ಣನ್ನು ತಟ್ಟಿ. ಬೆರಳು ಬೇಡ. ಬೆರಳಿಗೆ ಸಣ್ಣ ಸಣ್ಣ ಗುಂಡಿ ಮಾಡುವ ಚಪಲ. ಪಟ್ಟಿ ದೊಡ್ಡ ಸಪಾಟು ಮೇಲ್ಮೈಗಳನ್ನು ಕೊಡುತ್ತದೆ, ಅವೇ ಪ್ಲೇನ್‌ಗಳು. ಹಣೆಯ ಮುಂಭಾಗ ಒಂದು, ಕಣತಲೆಯ ಕಡೆ ತಿರುಗುವ ಪಕ್ಕ ಇನ್ನೊಂದು. ಕೆನ್ನೆಮೂಳೆಯಿಂದ ದವಡೆಗೆ ಇಳಿಯುವ ದೊಡ್ಡದೊಂದು. ಮೂಗಿಗೆ ನಾಲ್ಕು: ಮೇಲೆ, ಎರಡು ಪಕ್ಕ, ಕೆಳಗೆ.

ಎರಡು ಪ್ಲೇನ್ ಸೇರುವ ಅಂಚಿನಲ್ಲೇ ಮುಖದ ಗುಟ್ಟು ಇರುವುದು. ಆ ಅಂಚು ಚೂಪೋ, ಮೆತ್ತಗೋ, ಎಷ್ಟು ಮುಂದೆ ಬಂದು ತಿರುಗುತ್ತದೆ ಅನ್ನುವುದನ್ನು ಫೋಟೋದಲ್ಲಿ ನೆರಳು ಶುರುವಾಗುವ ಗೆರೆ ಹೇಳುತ್ತದೆ. ಆ ಗೆರೆಯನ್ನು ಪೆನ್ಸಿಲ್‌ನಲ್ಲಿ ಫೋಟೋ ಮೇಲೆ ಎಳೆದುಕೊಳ್ಳಿ. ಪಿಕಾಸೊ 1909ರಲ್ಲಿ ತನ್ನ ಗೆಳತಿ ಫರ್ನಾಂಡ್ ಅವರ ತಲೆ ಮಾಡಿದಾಗ ಈ ಅಂಚುಗಳನ್ನೇ ಹಿಡಿದು, ಇಡೀ ಮುಖ, ಕೂದಲು ಎಲ್ಲವನ್ನೂ ಒಡೆದ ಕಲ್ಲಿನ ಹಾಗೆ ಮುರಿದ. ಬೆಳಕು ಅದರ ಮೇಲೆ ಜಾರುವುದಿಲ್ಲ, ಮುಗ್ಗರಿಸಿ ಮುಗ್ಗರಿಸಿ ಇಳಿಯುತ್ತದೆ. ನೀವು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಈ ಹಂತದ ತಲೆ, ಕಣ್ಣು ಬಾಯಿ ಇಲ್ಲದೆಯೂ, ನೋಡಲು ತುಂಬ ಚೆನ್ನಾಗಿರುತ್ತದೆ. ಒಂದು ದಿನ ಹಾಗೇ ಬಿಡಿ. ಕೆಲವರ ವಿಷಯದಲ್ಲಿ ಕೆಲಸ ಇಲ್ಲಿಗೇ ಮುಗಿದಿರುತ್ತದೆ, ನಿಜವಾಗಿ ಹೇಳುತ್ತಿದ್ದೇನೆ.

ತಿರುಗುಮಣೆಯ ಮೇಲಿಟ್ಟು ಪ್ರತಿ ಹತ್ತು ನಿಮಿಷಕ್ಕೊಮ್ಮೆ ತಿರುಗಿಸಿ. ಎದುರಿನಿಂದ ಮಾತ್ರ ಕೆಲಸ ಮಾಡಿದರೆ ಉಬ್ಬುಚಿತ್ರ ಆಗುತ್ತದೆ. ಮಣ್ಣಿನ ಕಣ್ಣು ನಿಮ್ಮ ಕಣ್ಣಿನ ಎತ್ತರಕ್ಕೇ ಇರಲಿ. ಕನ್ನಡಿಯಲ್ಲೂ ನೋಡಿ, ಒಂದು ಪಕ್ಕಕ್ಕೆ ವಾಲಿದ್ದರೆ ತಕ್ಷಣ ಗೊತ್ತಾಗುತ್ತದೆ.

ಕಣ್ಣು

ಕಣ್ಣನ್ನು ಬಿಡಿಸುವುದಲ್ಲ, ಕಟ್ಟುವುದು. ಹೆಬ್ಬೆರಳಿನಿಂದ ಗುಳಿ ಒತ್ತಿ. ಮೂಗಿನ ಕಡೆ ಆಳ, ಹೊರಗಡೆ ಕಡಿಮೆ. ಸುಮಾರು ಎರಡೂವರೆ ಸೆಂಟಿಮೀಟರ್‌ನ ಮಣ್ಣಿನ ಗೋಲಿ ಮಾಡಿ ಒಳಗೆ ಕೂರಿಸಿ. ಈಗ ಪಕ್ಕಕ್ಕೆ ತಿರುಗಿಸಿ ನೋಡಿ. ಗೋಲಿ ಹುಬ್ಬಿಗಿಂತ, ಮೂಗಿನ ಮೇಲ್ಬುಡಕ್ಕಿಂತ ಹಿಂದೆ ಇದೆಯಾ? ಇಲ್ಲದಿದ್ದರೆ ಇನ್ನೂ ಒತ್ತಿ. ಆಮೇಲೆ ರೆಪ್ಪೆ. ತೆಳ್ಳಗೆ ಲಟ್ಟಿಸಿದ ಮಣ್ಣಿನ ಪಟ್ಟಿಯನ್ನು ಗೋಲಿಯ ಮೇಲೆ ಹೊದಿಸಿ. ಮೇಲಿನ ರೆಪ್ಪೆಗೆ ದಪ್ಪ ಇದೆ, ಅದರ ಅಂಚು ಒಂದು ಸಣ್ಣ ಚಾವಣಿ. ಪಕ್ಕದಿಂದ ನೋಡಿದರೆ ಅದು ಕೆಳಗಿನ ರೆಪ್ಪೆಗಿಂತ ಮುಂದೆ ಚಾಚಿರುತ್ತದೆ. ಹೊರಗಿನ ಮೂಲೆಯಲ್ಲಿ ಮೇಲಿನದು ಕೆಳಗಿನದನ್ನು ದಾಟಿ ಮುಚ್ಚುತ್ತದೆ. ಈ ಚೂರು ದಾಟುವಿಕೆ ಇಲ್ಲದ ಕಣ್ಣು ಬಾದಾಮಿ ಆಕಾರದ ತೂತಾಗಿ ಕಾಣುತ್ತದೆ.

ಪಾಪೆಗೆ ಬಣ್ಣ ಇಲ್ಲವಲ್ಲ, ಏನು ಮಾಡುವುದು? ಹಳೆಯ ಉಪಾಯ ಇದೆ. ಪಾಪೆಯ ಜಾಗದಲ್ಲಿ ಆಳವಾಗಿ ತೋಡಿ, ಮೇಲ್ಭಾಗದಲ್ಲಿ ಅಕ್ಕಿಕಾಳಿನಷ್ಟು ಮಣ್ಣು ಉಳಿಸಬೇಕು. ತೋಡಿದ್ದು ನೆರಳಾಗಿ ಕಪ್ಪಗೆ ಕಾಣುತ್ತದೆ, ಉಳಿಸಿದ ಚೂರು ಹೊಳಪಾಗುತ್ತದೆ. ಹದಿನೆಂಟನೆಯ ಶತಮಾನದ ಶಿಲ್ಪಿ ಊದಾಂ ವಾಲ್ಟೇರನ ಕಣ್ಣುಗಳನ್ನು ಹೀಗೆಯೇ ಜೀವಂತ ಮಾಡಿದ. ಆಧುನಿಕರಿಗೆ ಬೇರೆ ದಾರಿಗಳೂ ಇವೆ. ಕಣ್ಣನ್ನು ಸೀಳು ಮಾಡಬಹುದು. ರೆಪ್ಪೆ ಮುಚ್ಚಿ, ಒಳಗಡೆ ನೋಡುವ ಹಾಗೆ ಮಾಡಬಹುದು. ಅಥವಾ ಗೋಲಿಯನ್ನೇ ಬಿಟ್ಟು ಹುಬ್ಬಿನ ನೆರಳಿಗೆ ಕೆಲಸ ಒಪ್ಪಿಸಬಹುದು.

ಯಾವುದು? ಚೀಟಿ ನೋಡಿ. ದೊಡ್ಡ ರೂಪ ನುಣುಪಾದ ಮೊಟ್ಟೆಯಾಗಿದ್ದರೆ ತೋಡಿದ ಪಾಪೆ ಅದರ ಮೇಲೆ ಗಾಯದ ಹಾಗೆ ಕಾಣುತ್ತದೆ. ಮಣ್ಣಿನ ಒರಟು ಜಾಸ್ತಿ ಇದ್ದರೆ ಪಾಪೆ ಚೆನ್ನಾಗಿ ಒಪ್ಪುತ್ತದೆ. ಶಿಲ್ಪಿ ಜೇಕಬ್ ಎಪ್‌ಸ್ಟೈನ್ 1924ರಲ್ಲಿ ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಅವರ ತಲೆ ಮಾಡಿದ. ಅದೇ ವರ್ಷ ಕಾನ್ರಾಡ್ ತೀರಿಕೊಂಡರು. ಅಲ್ಲಿ ಭಾರವಾದ ರೆಪ್ಪೆ, ಅದರ ಸುತ್ತ ಗೀರು ಗೀರು ಮಣ್ಣು. ವರ್ಷಗಳ ಆಯಾಸ ಪೂರ್ತಿ ಆ ರೆಪ್ಪೆಯ ಭಾರದಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಬೇರೆ ಏನನ್ನೂ ಅವನು ಹೇಳಬೇಕಾಗಲಿಲ್ಲ.

ಕನ್ನಡಕ, ಕೂದಲು, ಗಡ್ಡ

ಬರಹಗಾರರಲ್ಲಿ ಕನ್ನಡಕದವರು ಬಹಳ. ಗಾಜನ್ನು ಮಣ್ಣಿನಲ್ಲಿ ಮಾಡಲಾಗದು. ತಂತಿ ಬಾಗಿಸಿ ಸಿಕ್ಕಿಸಿದರೆ ತಲೆ ಶಿಲ್ಪವಾಗಿ ಉಳಿಯುವುದಿಲ್ಲ, ಅಂಗಡಿಯ ಗೊಂಬೆಯಾಗುತ್ತದೆ. ನನ್ನ ಮಾತು ಕೇಳಿದರೆ ಬಿಟ್ಟುಬಿಡಿ. ಕನ್ನಡಕ ಮುಖದ ಮೇಲೆ ಏನು ಮಾಡಿದೆ ಅನ್ನುವುದನ್ನು ಮಾಡಿ: ಮೂಗಿನ ಎರಡು ಪಕ್ಕದ ಒತ್ತು, ಗಾಜಿನ ಹಿಂದೆ ಕಿರಿದು ಮಾಡಿ ನೋಡುವ ಕಣ್ಣು, ಹುಬ್ಬಿನ ನಡುವಿನ ಗೆರೆ. ಕನ್ನಡಕ ಇಲ್ಲದೆ ಅವರನ್ನು ಗುರುತಿಸುವುದೇ ಕಷ್ಟ ಅನ್ನುವಂಥವರಿದ್ದರೆ ಮೇಲಿನ ಪಟ್ಟಿಯನ್ನಷ್ಟೇ ಹುಬ್ಬಿನ ಜೊತೆ ಸೇರಿಸಿ ಒಂದೇ ಅಡ್ಡ ರೂಪ ಮಾಡಿ. ಉಳಿದದ್ದನ್ನು ನೋಡುವವರ ಕಣ್ಣೇ ಪೂರ್ತಿ ಮಾಡಿಕೊಳ್ಳುತ್ತದೆ.

ಕೂದಲನ್ನು ಎಳೆ ಎಳೆಯಾಗಿ ಗೀರಬೇಡಿ. ಕೂದಲಿಗೂ ಆಕಾರ, ಭಾರ, ಓಟ ಇದೆ. ಒಂದೋ ಎರಡೋ ದೊಡ್ಡ ಮುದ್ದೆಯಾಗಿ ಬುರುಡೆಯ ಮೇಲೆ ಕೂರಿಸಿ, ಓಟದ ದಿಕ್ಕಿನಲ್ಲಿ ಪಟ್ಟಿಯಿಂದ ತಟ್ಟಿ. ಗಡ್ಡಕ್ಕೂ ಇದೇ. ಉದ್ದ ಗಡ್ಡದ ಕೆಳಗೂ ಗದ್ದ ಇದೆ ಅನ್ನುವುದು ಗೊತ್ತಾಗಬೇಕು. ರವೀಂದ್ರನಾಥ ಠಾಕೂರರನ್ನು ಮಾಡುವಾಗ ಎಷ್ಟೋ ಜನ ಗಡ್ಡ ಮತ್ತು ಕೂದಲು ಇಟ್ಟು, ಮುಖ ಮುಗಿಯಿತು ಅಂದುಕೊಳ್ಳುತ್ತಾರೆ. ಎಪ್‌ಸ್ಟೈನ್ 1926ರಲ್ಲಿ ಅವರನ್ನು ಮಾಡಿದ. ಶಾಂತಿನಿಕೇತನದ ಶಿಲ್ಪಿ ರಾಮಕಿಂಕರ್ ಬೈಜ್ ಒಂದಕ್ಕಿಂತ ಹೆಚ್ಚು ಸಲ ಮಾಡಿದರು. ಈ ಇಬ್ಬರ ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲೆಲ್ಲೂ ಅದೇ ಗಡ್ಡ, ಆದರೆ ತಲೆ ಬೇರೆ ಬೇರೆ. ಗಡ್ಡ ಗುರುತಿನ ಚೀಟಿ ಅಷ್ಟೇ.

ಬಿಡುವ ದಿನ

ಈಗ ನಿಮ್ಮ ಮುಂದೆ ಹೋಲಿಕೆ ಇರುವ, ಸರಿಯಾದ, ಆದರೆ ಸ್ವಲ್ಪ ಸಪ್ಪೆಯಾದ ತಲೆ ಇದೆ. ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಎರಡು ದಿನ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಆ ಕಡೆ ಹೋಗಬೇಡಿ.

ಮೂರನೆಯ ದಿನ ಬಟ್ಟೆ ತೆಗೆದ ಕೂಡಲೇ ಕಣ್ಣಿಗೆ ಬಿದ್ದ ಮೊದಲ ವಿಷಯ ಏನು ಅಂತ ಬರೆದುಕೊಳ್ಳಿ. ಅದು ಚೀಟಿಯಲ್ಲಿರುವ ರೂಪವೇ ಆಗಿದ್ದರೆ ಒಳ್ಳೆಯದು. ಸಾಮಾನ್ಯವಾಗಿ ಆಗಿರುವುದಿಲ್ಲ, ತುಟಿಯ ಪಕ್ಕದ ಗೆರೆಯೋ ಕಿವಿಯ ಮಡಿಕೆಯೋ ಆಗಿರುತ್ತದೆ. ಅದನ್ನು ಒರೆಸಿ. ಸಂಕಟ ಆಗುತ್ತದೆ, ಗೊತ್ತು. ಅದಕ್ಕೆ ಅರ್ಧ ದಿನ ಕೊಟ್ಟಿರುತ್ತೀರಿ. ಆದರೂ ಒರೆಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. ಅವರು ಇನ್ನೂ ಅಲ್ಲಿದ್ದಾರಾ? ಇದ್ದರೆ ಅದು ಬೇಕಿರಲಿಲ್ಲ. ಹೋಗಿಬಿಟ್ಟರೆ ಅದು ಬೇಕಿತ್ತು, ಫೋಟೋ ನೋಡಿ ಮತ್ತೆ ಕಟ್ಟಿ. ಹೀಗೆ ಒಂದೊಂದೇ. ಎರಡನ್ನು ಒಟ್ಟಿಗೆ ತೆಗೆಯಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ನಾನೊಮ್ಮೆ ಹೀಗೆ ಮಾಡುತ್ತಾ ಎರಡೂ ಕಿವಿಗಳನ್ನು ತೆಗೆದುಬಿಟ್ಟೆ. ತಲೆ ಚೆನ್ನಾಗಿತ್ತು, ಆದರೆ ಅವರು ಅಲ್ಲಿರಲಿಲ್ಲ. ಒಂದು ಕಿವಿಯನ್ನು ಮಾತ್ರ, ಒಂದು ಬಾಗಿದ ಅಂಚಾಗಿ ವಾಪಸ್ ಇಟ್ಟೆ. ಬಂದುಬಿಟ್ಟರು. ಯಾಕೆ ಅಂತ ಆಮೇಲೆ ಫೋಟೋ ನೋಡಿದಾಗ ತಿಳಿಯಿತು. ಅವರು ಯಾವಾಗಲೂ ಒಂದು ಕಿವಿಯನ್ನು ಮಾತಿನ ಕಡೆ ತಿರುಗಿಸಿ ಕೂರುತ್ತಿದ್ದರು.

ತೆಗೆಯುವುದು ಮುಗಿದ ಮೇಲೆ ಉಳಿದದ್ದನ್ನು ಸ್ವಲ್ಪ ಗಟ್ಟಿ ಮಾಡಿ. ಹಣೆ ಮುಂದೆ ಚಾಚಿದ್ದರೆ ಇನ್ನೂ ಅರ್ಧ ಸೆಂಟಿಮೀಟರ್ ಚಾಚಿ. ದವಡೆ ಕಿರಿದಾಗಿದ್ದರೆ ಇನ್ನಷ್ಟು. ಮುಖದಲ್ಲಿ ಮೊದಲೇ ಇರುವುದನ್ನು ಹೆಚ್ಚಿಸಬೇಕು, ಇಲ್ಲದ್ದನ್ನು ತಂದು ಸೇರಿಸಬಾರದು.

ಮೇಲ್ಮೈಯನ್ನು ಸ್ಪಂಜಿನಿಂದ ಉಜ್ಜಿ ನುಣುಪು ಮಾಡುವ ಆಸೆ ಬಂದರೆ ತಡೆಯಿರಿ. ನುಣುಪು ಒಂದು ತೀರ್ಮಾನ, ಕೊನೆಯ ಶುಚಿ ಅಲ್ಲ. ಇಡೀ ತಲೆ ಒಂದು ಬಿಗಿದ ಗೋಳವಾಗಿದ್ದರೆ ನುಣುಪು ಬೇಕು. ಇಲ್ಲದಿದ್ದರೆ ಮಣ್ಣಿನ ಉಂಡೆ, ಪಟ್ಟಿಯ ಗುರುತು ಹಾಗೇ ಇರಲಿ.

ಅಚ್ಚು ಮತ್ತು ಎರಕ

ಸುಡುವುದಾದರೆ ಹಂದರದ ಮೇಲೆ ಇಟ್ಟು ಸುಡುವಂತಿಲ್ಲ. ಮಣ್ಣು ಚರ್ಮದಷ್ಟು ಗಟ್ಟಿಯಾದಾಗ ತಂತಿಯಿಂದ ತಲೆಯನ್ನು ಕಿವಿಯ ಹಿಂದೆ ಕೊಯ್ದು, ಹಂದರ ತೆಗೆದು, ಒಳಗೆ ತೋಡಿ ಎಲ್ಲ ಕಡೆ ಎರಡು ಸೆಂಟಿಮೀಟರ್ ದಪ್ಪ ಉಳಿಸಿ. ಅಂಚುಗಳನ್ನು ಗೀರಿ, ತೆಳು ಮಣ್ಣು ಸವರಿ ಮತ್ತೆ ಕೂಡಿಸಿ. ಗಾಳಿಗೆ ಒಂದು ತೂತು ಬಿಡಿ. ಪೂರ್ತಿ ಒಣಗಲು ವಾರಗಳು ಬೇಕು. ಒಣಗಿ, ಸುಡುವ ಹೊತ್ತಿಗೆ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ.

ಇಲ್ಲದಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಒಡೆಯುವ ಅಚ್ಚು. ತೆಳು ತಗಡಿನ ಚೂರುಗಳನ್ನು ನೆತ್ತಿಯ ಮೇಲಿಂದ ಕಿವಿಯ ಹಿಂದೆ ಎರಡೂ ಕಡೆ ಸಾಲಾಗಿ ಚುಚ್ಚಿ. ತಲೆ ಮುಂಭಾಗ, ಹಿಂಭಾಗ ಅಂತ ಎರಡಾಗುತ್ತದೆ. ನೀರಿಗೆ ಪ್ಲಾಸ್ಟರ್ ಉದುರಿಸಬೇಕು, ಪ್ಲಾಸ್ಟರ್‌ಗೆ ನೀರು ಸುರಿಯಬಾರದು. ನೀರಿನ ಮೇಲೆ ಪುಡಿ ದ್ವೀಪದ ಹಾಗೆ ನಿಂತಾಗ ಸಾಕು, ಒಂದು ನಿಮಿಷ ಬಿಟ್ಟು ಕಲಸಿ. ಮೊದಲ ಪದರಕ್ಕೆ ಚೂರು ನೀಲಿ ಬಣ್ಣ ಹಾಕಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಚಿಮುಕಿಸಿ, ಅದರ ಮೇಲೆ ಬಿಳಿಯದು ಎರಡು ಸೆಂಟಿಮೀಟರ್. ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಕೈ ಅದರೊಳಗೆ ಇಟ್ಟುಕೊಳ್ಳಬೇಡಿ. ಪುಡಿ ಉಸಿರಿಗೆ ಹೋಗದಂತೆ ಮಾಸ್ಕ್ ಹಾಕಿ. ಉಳಿದದ್ದನ್ನು ಸಿಂಕ್‌ಗೆ ಸುರಿದರೆ ಪೈಪ್ ಕಲ್ಲಾಗುತ್ತದೆ.

ಗಟ್ಟಿಯಾದ ಮೇಲೆ ಹಿಂಭಾಗ ಬಿಡಿಸಿ ಮಣ್ಣನ್ನೆಲ್ಲ ತೋಡಿ ತೆಗೆದು, ತೊಳೆದು, ಒಳಗಡೆ ಸೋಪಿನ ನೀರನ್ನು ಮೂರು ಸಲ ಹಚ್ಚಿ. ಎರಡೂ ಭಾಗ ಕಟ್ಟಿ ಪ್ಲಾಸ್ಟರ್ ಅಥವಾ ಬಿಳಿ ಸಿಮೆಂಟ್ ತುಂಬಿ. ಸಿಮೆಂಟ್ ಆದರೆ ಒಂದಕ್ಕೆ ಎರಡೂವರೆ ಪಾಲು ಸಣ್ಣ ಮರಳು ಅಥವಾ ಅಮೃತಶಿಲೆಯ ಪುಡಿ, ಕೈಗೆ ಗ್ಲೌಸ್, ಆಮೇಲೆ ಒಂದು ವಾರ ಒದ್ದೆಯಾಗಿ ಇಡಬೇಕು. ಬಯಲಿನಲ್ಲಿ ನಿಲ್ಲುವ ತಲೆಗೆ ಸಿಮೆಂಟೇ ಒಳ್ಳೆಯದು. ರಾಮಕಿಂಕರ್ ಅವರ ಬಯಲು ಶಿಲ್ಪಗಳು ನಿಂತಿರುವುದು ಸಿಮೆಂಟ್ ಗಾರೆಯಲ್ಲೇ. ಆಮೇಲೆ ಮೊಂಡು ಉಳಿಯಿಂದ ಅಚ್ಚನ್ನು ಒಡೆಯುತ್ತಾ ಬನ್ನಿ. ನೀಲಿ ಕಂಡ ಕೂಡಲೇ ಕೈ ಹಗುರ ಮಾಡಿ, ಅದರ ಕೆಳಗೇ ಮುಖವಿದೆ. ಮೂಗು, ಕಿವಿಯ ಹತ್ತಿರ ಸುತ್ತಿಗೆ ಬಿಟ್ಟು ಕೈಯಲ್ಲೇ ಉಳಿ ಒತ್ತಿ.

ಕಂಚಿನ ಎರಕ ಮೇಣದ ವಿಧಾನದಲ್ಲಿ ಆಗುತ್ತದೆ, ಅಂದರೆ ಮೇಣದ ಪ್ರತಿ ಮಾಡಿ, ಅದನ್ನು ಕರಗಿಸಿ, ಆ ಜಾಗಕ್ಕೆ ಕಂಚು ಸುರಿಯುವುದು. ಅದು ಎರಕದವರ ಕೆಲಸ. ಪ್ಲಾಸ್ಟರ್ ತಲೆಯನ್ನು ಅವರಿಗೆ ಕೊಡಿ. ಮೇಣದ ಪ್ರತಿ ಸಿದ್ಧವಾದಾಗ ಮಾತ್ರ ತಪ್ಪದೆ ಹೋಗಿ ನೋಡಿ. ರೆಪ್ಪೆಯ ಅಂಚು ಕರಗಿ ಮೊಂಡಾಗಿದ್ದರೆ ತಿದ್ದಲು ಅದೇ ಕೊನೆಯ ಅವಕಾಶ.

ನಿಲ್ಲಿಸುವುದು

ತಲೆಯ ಕಣ್ಣು ನಿಂತು ನೋಡುವವರ ಕಣ್ಣಿನ ಮಟ್ಟಕ್ಕೆ ಬರಲಿ. ಕೆಳಗಿಟ್ಟರೆ ನೆತ್ತಿ ಮಾತ್ರ ಕಾಣುತ್ತದೆ. ಗೋಡೆಗೆ ಒತ್ತಿ ಇಡಬೇಡಿ, ಸುತ್ತ ನಡೆಯಲು ಜಾಗ ಬಿಡಿ. ಅಷ್ಟು ಕಷ್ಟಪಟ್ಟು ಹಿಂದಲೆ ಕಟ್ಟಿದ್ದೀರಿ.

ಬೆಳಕು ಒಂದೇ ಕಡೆಯಿಂದ, ಸ್ವಲ್ಪ ಮೇಲಿನಿಂದ ಬರಲಿ. ಎದುರಿಗೆ ದೀಪ ಇಟ್ಟರೆ ಪ್ಲೇನ್‌ಗಳೆಲ್ಲ ಒಂದಾಗಿ ಮುಖ ಹಿಟ್ಟಿನ ಮುದ್ದೆಯಾಗುತ್ತದೆ. ಕಿಟಕಿಯ ಪಕ್ಕದಲ್ಲಿಟ್ಟು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಸಂಜೆ ಬೆಳಕು ಇಳಿದು, ಕಣ್ಣಿನ ಗುಳಿ ತುಂಬ ನೆರಳಾಗಿ, ಹಣೆಯ ಅಂಚು ಮಾತ್ರ ಉಳಿಯುವ ಹತ್ತು ನಿಮಿಷ ಇರುತ್ತದೆ. ಆಗಲೂ ಅವರು ಅಲ್ಲಿದ್ದರೆ ಪೀಠಕ್ಕೆ ಬೋಲ್ಟ್ ಬಿಗಿಯಿರಿ.